ಎರಡನೆಯ ಸಹಿ



ಈ ದತ್ತಿ ಉಪನ್ಯಾಸ ನಡೆಯುತ್ತಿರುವುದು ಬಡ್ಡಿ ಹಣದಲ್ಲಿ. ದಾನಿಗಳು ಕೊಟ್ಟ ಮೂಲಧನ ಬ್ಯಾಂಕಿನಲ್ಲಿ ಠೇವಣಿಯಾಗಿದೆ, ಅದಕ್ಕೆ ಯಾರೂ ಕೈ ಹಚ್ಚುವಂತಿಲ್ಲ. ವರ್ಷದ ಬಡ್ಡಿಯಲ್ಲಿ ಹಾರ, ಚಹಾ, ಉಪನ್ಯಾಸಕರ ಬಸ್ ಚಾರ್ಜು ಎಲ್ಲ ನೀಗಬೇಕು. ಸರ್ಕಾರದ ಸಂಶೋಧನಾ ಅನುದಾನದ ರೀತಿ ಇದಕ್ಕೆ ಪೂರ್ತಿ ತಿರುಗುಮುರುಗು. ಅಲ್ಲಿ ಮೂಲಧನವನ್ನೇ ಖರ್ಚು ಮಾಡಬೇಕು, ಗಡುವಿನೊಳಗೆ ಮಾಡಬೇಕು. ಬಡ್ಡಿ ಹುಟ್ಟಿದರೆ ಅದು ನಮ್ಮದಲ್ಲ. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 230ನೇ ನಿಯಮ ಇದನ್ನು ಬಿಡಿಸಿ ಹೇಳಿದೆ: ಅನುದಾನದ ಮೇಲೆ ಬಂದ ಬಡ್ಡಿಯನ್ನು ಲೆಕ್ಕ ಅಂತಿಮವಾದ ಕೂಡಲೇ ಭಾರತದ ಸಂಚಿತ ನಿಧಿಗೆ ಕಟ್ಟಬೇಕು. ದತ್ತಿ ನಡೆಸಿ ಪಳಗಿದ ನಮ್ಮ ವಿದ್ಯಾಸಂಸ್ಥೆಗಳು ಅನುದಾನದ ಲೆಕ್ಕದಲ್ಲಿ ಮುಗ್ಗರಿಸುವುದಕ್ಕೆ ಈ ಹಳೆಯ ರೂಢಿಯೂ ಒಂದು ಕಾರಣ. ಉಳಿಸುವುದು ಪುಣ್ಯ ಅಂತ ನಾವು ಕಲಿತಿದ್ದೇವೆ. ಇಲ್ಲಿ ಉಳಿಸಿದರೆ ಆಕ್ಷೇಪಣೆ ಬರುತ್ತದೆ.

ಸಂಶೋಧನೆ ಎಂದಕೂಡಲೆ ನಮಗೆ ಮೇಷ್ಟ್ರು ನೆನಪಾಗುತ್ತಾರೆ. ಅವರ ಪಿಎಚ್‌ಡಿ, ಅವರ ಲೇಖನಗಳು, ಅವರ ವಿಷಯ. ಪ್ರಸ್ತಾವ ಬರೆಯುವುದು ಅವರೇ ಹೌದು. ಆದರೆ ಹಣ ಬರುವುದು ಅವರ ಹೆಸರಿಗಲ್ಲ, ಸಂಸ್ಥೆಯ ಹೆಸರಿಗೆ. ಪ್ರತಿ ಅರ್ಜಿಯ ಕೊನೆಗೆ ಪ್ರಾಂಶುಪಾಲರೋ ಕುಲಸಚಿವರೋ ಸಹಿ ಹಾಕುವ ಒಂದು ಹಾಳೆ ಇರುತ್ತದೆ. ಮೇಷ್ಟ್ರು ಅದನ್ನು ಓದುವುದಿಲ್ಲ, ಸಹಿ ಹಾಕುವವರೂ ಓದುವುದಿಲ್ಲ. ಹಣಕಾಸಿನ ಮತ್ತು ಆಡಳಿತದ ಹೊಣೆ ಸಂಸ್ಥೆಯದು, ಕಟ್ಟಡ, ಕರೆಂಟು, ನೀರು, ಸಿಬ್ಬಂದಿಯನ್ನು ಸಂಸ್ಥೆ ಒದಗಿಸುತ್ತದೆ ಎಂದು ಅಲ್ಲಿ ಬರೆದಿರುತ್ತದೆ. ಅಂದರೆ ಸರ್ಕಾರ ಎರಡು ಪರೀಕ್ಷೆ ಮಾಡುತ್ತದೆ. ಮೇಷ್ಟ್ರಿಗೆ ವಿಷಯ ಗೊತ್ತಿದೆಯೇ ಎಂಬುದು ಮೊದಲನೆಯದು. ಕಾಲೇಜಿಗೆ ಲೆಕ್ಕ ಇಡಲು ಬರುತ್ತದೆಯೇ ಎಂಬುದು ಎರಡನೆಯದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ನಮ್ಮ ಐದು ತಾಲೂಕುಗಳು ನಪಾಸಾಗುತ್ತಿರುವುದು ಬಹಳ ಸಲ ಎರಡನೆಯದರಲ್ಲಿ. ಈ ಹೊತ್ತು ನಾನು ಹೇಳಬೇಕಾದದ್ದು ಇಷ್ಟೇ, ಉಳಿದದ್ದೆಲ್ಲ ಇದರ ವಿವರ.

ಈ ಎರಡನೆಯ ಪರೀಕ್ಷೆ ನಮ್ಮ ನೆಲಕ್ಕೆ ಹೊಸದೇನಲ್ಲ. ಹರಪನಹಳ್ಳಿ ತಾಲೂಕಿನ ಬಾಗಳಿಗೆ ಹೋಗಿ ನೋಡಿ. 987ರ ಹೊತ್ತಿಗೆ, ಚಾಲುಕ್ಯ ಇಮ್ಮಡಿ ತೈಲಪನ ಆಳ್ವಿಕೆಯಲ್ಲಿ, ದುಗ್ಗಿಮಯ್ಯ ಕಟ್ಟಿಸಿದ ಕಲ್ಲೇಶ್ವರ ದೇವಾಲಯ ಅಲ್ಲಿದೆ. ಆ ಕಾಲದ ದಾನಶಾಸನಗಳಲ್ಲಿ ಕೊಟ್ಟವರ ಹೆಸರು, ಭೂಮಿಯ ಅಳತೆ, ನಾಲ್ಕು ದಿಕ್ಕಿನ ಮೇರೆ, ಯಾವ ಕೆಲಸಕ್ಕೆ ಎಂಬುದು, ಯಾರ ವಶಕ್ಕೆ ಎಂಬುದು ಸಾಲಾಗಿ ಬರುತ್ತವೆ. ಅಗ್ರಹಾರವಾದರೆ ಹೊಣೆ ಮಹಾಜನರ ಮೇಲೆ. ಕೊನೆಗೆ ತಪ್ಪಿ ನಡೆದವನಿಗೆ ಗಂಗೆಯ ತಡಿಯಲ್ಲಿ ಕವಿಲೆಗಳನ್ನು ಕೊಂದ ಪಾಪ. ಈಗಿನ ಮಂಜೂರಾತಿ ಆದೇಶದಲ್ಲೂ ಇಷ್ಟೇ ಇರುವುದು, ಶಾಪದ ಜಾಗದಲ್ಲಿ ಮಹಾಲೇಖಪಾಲರ ತಪಾಸಣೆ ಬಂದಿದೆ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಬಾಗಳಿಯಂಥ ಊರಲ್ಲಿ ದಾನ ಕೈಗೊಳ್ಳುವ ಒಕ್ಕೂಟ ಮೊದಲೇ ಇರುತ್ತಿತ್ತು, ಅದು ಒಬ್ಬರ ಮೇಲೆ ನಿಂತದ್ದಲ್ಲ. ಒಬ್ಬ ಸತ್ತರೂ ಮಹಾಜನ ಸಾಯುತ್ತಿರಲಿಲ್ಲ. ನಮ್ಮ ಕಾಲೇಜುಗಳಲ್ಲಿ ಒಬ್ಬ ಗುಮಾಸ್ತ ವರ್ಗವಾದರೆ ಸಂಸ್ಥೆಯ ನೆನಪೇ ಅಳಿಸಿಹೋಗುತ್ತದೆ.

ಇನ್ನು ಕಾನೂನು. ವಿಶ್ವವಿದ್ಯಾಲಯ ಅನುದಾನ ಆಯೋಗ, ನಾವೆಲ್ಲ ಯುಜಿಸಿ ಎನ್ನುವುದು, 1953ರ ಡಿಸೆಂಬರಿನಲ್ಲಿ ಶುರುವಾಯಿತು. 1956ರಲ್ಲಿ ಅದಕ್ಕೊಂದು ಕಾಯ್ದೆಯಾಯಿತು. ಆ ಕಾಯ್ದೆಯ 2(ಎಫ್) ಕಲಮು ವಿಶ್ವವಿದ್ಯಾಲಯ ಎಂದರೆ ಯಾವುದು ಎಂದು ಹೇಳುತ್ತದೆ, ಆಯೋಗ ಮಾನ್ಯ ಮಾಡಿದ ಕಾಲೇಜುಗಳನ್ನೂ ಅದರೊಳಗೆ ತರುತ್ತದೆ. 1972ರ ತಿದ್ದುಪಡಿಯಿಂದ ಬಂದದ್ದು ನಾವೀಗ 12(ಬಿ) ಎನ್ನುವ ಕಲಮು. ಆ ವರ್ಷದ ಜೂನ್ 17ರ ನಂತರ ಹುಟ್ಟಿದ ವಿಶ್ವವಿದ್ಯಾಲಯಕ್ಕೆ, ಅದು ಅನುದಾನಕ್ಕೆ ತಕ್ಕದ್ದು ಎಂದು ಆಯೋಗ ಘೋಷಿಸುವ ತನಕ, ಕೇಂದ್ರದ ಹಣವಾಗಲಿ ಕೇಂದ್ರದಿಂದ ಹಣ ಪಡೆಯುವ ಬೇರೆ ಸಂಸ್ಥೆಯ ಹಣವಾಗಲಿ ಸಿಗುವಂತಿಲ್ಲ ಎಂಬುದು ಅದರ ಸಾರ. ಕಾಲೇಜುಗಳ ಅರ್ಹತೆಗೆ 1975ರಲ್ಲಿ ಬೇರೆ ನಿಯಮಗಳು ಬಂದವು.

ಕೈಗೆ ಸಿಕ್ಕ ಹಣದಲ್ಲಿ ಎಲ್ಲರೂ ವಿಶ್ವವಿದ್ಯಾಲಯ ತೆರೆದು ದೆಹಲಿಯ ಕಡೆ ಬೊಟ್ಟು ತೋರಿಸಬಾರದು ಎಂಬ ಉದ್ದೇಶ ತಪ್ಪಲ್ಲ. ನಮ್ಮ ಭಾಗಕ್ಕೆ ಅದು ಹೇಗೆ ತಟ್ಟಿತು ಎಂಬುದನ್ನು ಮಾತ್ರ ನೋಡಬೇಕು. ಗುಲಬರ್ಗಾ ವಿಶ್ವವಿದ್ಯಾಲಯ 1980ರದು. ಹಂಪಿಯ ಕನ್ನಡ ವಿಶ್ವವಿದ್ಯಾಲಯ 1991ರದು. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ 2010ರದು. ನಮ್ಮ ಪಾಲಿಗೆ ಬಂದ ವಿಶ್ವವಿದ್ಯಾಲಯಗಳೆಲ್ಲ ಆ 1972ರ ಗೆರೆಯ ಈಚೆಗೇ ಹುಟ್ಟಿದವು. ಮೈಸೂರು, ಧಾರವಾಡಗಳಿಗೆ ಹುಟ್ಟಿನಿಂದ ಬಂದ ಯೋಗ್ಯತೆಯನ್ನು ನಮ್ಮವು ಅರ್ಜಿ ಹಾಕಿ, ತಂಡ ಕರೆಸಿ, ಕಟ್ಟಡ ತೋರಿಸಿ, ಅಧ್ಯಾಪಕರ ಪಟ್ಟಿ ಕೊಟ್ಟು ಸಂಪಾದಿಸಬೇಕು. ಹುದ್ದೆ ತುಂಬಲು ಹಣವಿಲ್ಲ, ಹುದ್ದೆ ತುಂಬದೆ ಮಾನ್ಯತೆಯಿಲ್ಲ, ಮಾನ್ಯತೆಯಿಲ್ಲದೆ ಹಣವಿಲ್ಲ. ಹೊಸ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದವರಿಗೆ ಈ ಗಾಣದ ಸುತ್ತಾಟ ಗೊತ್ತು.

ಕಾಲೇಜುಗಳ ಪಾಡು ಇನ್ನೂ ಸೂಕ್ಷ್ಮ. ನಮ್ಮ ಕಾಲೇಜುಗಳ ಸಂಯೋಜನೆ ಊರು ಬದಲಿಸುತ್ತಲೇ ಬಂದಿದೆ. ಬಳ್ಳಾರಿ ಜಿಲ್ಲೆಯ ಕಾಲೇಜುಗಳು ಗುಲಬರ್ಗಾದ ಕೆಳಗಿದ್ದು 2010ರ ಮೇಲೆ ಬಳ್ಳಾರಿಗೆ ಬಂದವು. ಹರಪನಹಳ್ಳಿ ತಾಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಯ ತಾಲೂಕಾಯಿತು. ಕೊಟ್ಟೂರು ಕೂಡ್ಲಿಗಿಯಿಂದ ಬೇರೆಯಾಗಿ ತಾಲೂಕಾದದ್ದು ಈಚೆಗೆ. ತೊಂಬತ್ತರ ದಶಕದಲ್ಲಿ ಬಂದ ಒಂದು 12(ಬಿ) ಪತ್ರದಲ್ಲಿ ವಿಶ್ವವಿದ್ಯಾಲಯದ ಹೆಸರು ಒಂದು, ಜಿಲ್ಲೆಯ ಹೆಸರು ಒಂದು. ಇವತ್ತಿನ ಲೆಟರ್‌ಹೆಡ್ಡಿನಲ್ಲಿ ಎರಡೂ ಬೇರೆ. ನಡುವೆ ದಾನಿಯೊಬ್ಬರು ಜಾಗ ಕೊಟ್ಟರು, ಕಾಲೇಜಿಗೆ ಅವರ ತಂದೆಯ ಹೆಸರು ಸೇರಿತು. ಪ್ಯಾನ್ ಕಾರ್ಡಿನಲ್ಲಿ ಹಳೆಯ ಹೆಸರು, ಬ್ಯಾಂಕಿನಲ್ಲಿ ಹೊಸದು, ಸಂಯೋಜನೆ ಆದೇಶದಲ್ಲಿ ಇನಿಷಿಯಲ್ ಮಾತ್ರ. ದೆಹಲಿಯಲ್ಲಿ ಕೂತ ಸೆಕ್ಷನ್ ಆಫೀಸರಿಗೆ ಇವು ಮೂರು ಬೇರೆ ಬೇರೆ ಕಾಲೇಜುಗಳು. ಹೆಸರು ಬದಲಾದಾಗ ಯುಜಿಸಿಗೆ ಬರೆದು ಪಟ್ಟಿಯಲ್ಲಿ ತಿದ್ದಿಸಿಕೊಳ್ಳಬೇಕು ಎಂಬುದು ಫಲಕ ಅನಾವರಣದ ದಿನ ಯಾರಿಗೂ ಹೊಳೆಯುವುದಿಲ್ಲ.

ಖಾಸಗಿ ಆಡಳಿತದ ಕಾಲೇಜುಗಳಿಗೆ ಕಾಗದ ಹೆಚ್ಚು. ವೀರಶೈವ ವಿದ್ಯಾವರ್ಧಕ ಸಂಘದಂಥ, 1916ರಿಂದ ನಡೆದುಬಂದಿರುವ ಸಂಸ್ಥೆಗೆ ಇದು ಅಭ್ಯಾಸವಾಗಿದೆ. ಆ ಸಂಘದ ಕೊಟ್ಟೂರೇಶ್ವರ ಕಾಲೇಜಿನಂಥವಕ್ಕೆ ಬೆನ್ನ ಹಿಂದೆ ಬಳ್ಳಾರಿಯಲ್ಲೊಂದು ಕೇಂದ್ರ ಕಚೇರಿಯಿದೆ. ಒಂದೇ ಕಾಲೇಜಿಗಾಗಿ ಹುಟ್ಟಿದ ಚಿಕ್ಕ ಟ್ರಸ್ಟಿಗೆ ಆ ಆಸರೆಯಿಲ್ಲ. ಸಂಘವಾಗಿ ನೋಂದಣಿಯಾಗಿದ್ದರೆ 1960ರ ಸಂಘಗಳ ನೋಂದಣಿ ಕಾಯ್ದೆಯಂತೆ ವರ್ಷವರ್ಷದ ಲೆಕ್ಕಪತ್ರ ಸಲ್ಲಿಸಿರಬೇಕು. ಲೆಕ್ಕಪರಿಶೋಧಕರ ಸಹಿಯಾದ ಹಿಂದಿನ ವರ್ಷಗಳ ತಖ್ತೆ ಬೇಕು. ನೀತಿ ಆಯೋಗದ ದರ್ಪಣ್ ಜಾಲತಾಣದಲ್ಲಿ ಗುರುತಿನ ಸಂಖ್ಯೆ ಬೇಕು. ವಿಜ್ಞಾನದ ಯೋಜನೆಯಾದರೆ ಕೆಲವು ಇಲಾಖೆಗಳು ಕೇಂದ್ರದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಇಲಾಖೆ (ಡಿಎಸ್‌ಐಆರ್) ಕೊಡುವ ‘ಸೈರೋ’ ಮಾನ್ಯತೆಯನ್ನೂ ಕೇಳುತ್ತವೆ. ಹರಪನಹಳ್ಳಿಯ ತೆಗ್ಗಿನಮಠ ಸಂಸ್ಥೆಯ ಫಾರ್ಮಸಿ ಕಾಲೇಜಿನಂಥ ವೃತ್ತಿಶಿಕ್ಷಣ ಕಾಲೇಜುಗಳ ದಾರಿ ಸ್ವಲ್ಪ ಬೇರೆ. ಅವಕ್ಕೆ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದಂಥ ಬೇರೆ ಬಾಗಿಲುಗಳಿವೆ. ಆದರೆ ಅಲ್ಲಿ ಇಲಿಯ ಮೇಲೆ ಔಷಧ ಪ್ರಯೋಗಿಸುವುದಕ್ಕೆ ಪ್ರಾಣಿಗಳ ಕುರಿತ ಕೇಂದ್ರ ಸಮಿತಿಯಲ್ಲಿ ನೋಂದಣಿಯಾಗಿರಬೇಕು, ಒಳಗೊಂದು ನೈತಿಕ ಸಮಿತಿ ಇರಬೇಕು.

ಈಗ ಖರ್ಚಾದ ಹಣಕ್ಕೆ ಲೆಕ್ಕ ಒಪ್ಪಿಸುವ ಫಾರಂ. ಜಿಎಫ್‌ಆರ್ 12-ಎ, ಬಳಕೆ ಪ್ರಮಾಣಪತ್ರ. ನಮ್ಮ ಕಚೇರಿಗಳ ಬಾಯಲ್ಲಿ ಯುಸಿ. ಮೇಲೆ ಯೋಜನೆಯ ಹೆಸರು. ಕೆಳಗೆ ಒಂದೇ ಸಾಲಿನಲ್ಲಿ ಅಂಕಣಗಳು: ಹಿಂದಿನ ವರ್ಷ ಉಳಿದ ಹಣ, ಅದಕ್ಕೆ ಬಂದ ಬಡ್ಡಿ, ಆ ಬಡ್ಡಿಯಲ್ಲಿ ಸರ್ಕಾರಕ್ಕೆ ಮರಳಿ ಕಟ್ಟಿದ್ದು, ಈ ವರ್ಷ ಬಂದ ಅನುದಾನ, ಒಟ್ಟು ಕೈಯಲ್ಲಿದ್ದದ್ದು, ಖರ್ಚಾದದ್ದು, ಅಖೈರು ಶಿಲ್ಕು. ಇದರ ಕೆಳಗೆ ಸಂಬಳಕ್ಕೆಷ್ಟು, ಸಾಮಾನ್ಯ ಖರ್ಚಿಗೆಷ್ಟು, ಆಸ್ತಿ ನಿರ್ಮಾಣಕ್ಕೆಷ್ಟು ಎಂಬ ವಿಂಗಡಣೆ. ಕ್ಯಾಮೆರಾ ಆಸ್ತಿ, ಅದರ ಮೆಮೊರಿ ಕಾರ್ಡು ಸಾಮಾನ್ಯ ಖರ್ಚೋ ಆಸ್ತಿಯೋ ಎಂದು ಅರ್ಧ ದಿನ ಚರ್ಚೆ ನಡೆದದ್ದನ್ನು ನಾನು ಕಂಡಿದ್ದೇನೆ. ಕೊನೆಗೆ ಎರಡು ಸಹಿ. ಬಲಗಡೆಯದು ಸಂಸ್ಥೆಯ ಮುಖ್ಯಸ್ಥರದು, ಅದು ಸುಲಭ. ಇನ್ನೊಂದರ ಕೆಳಗೆ ಮುಖ್ಯ ಹಣಕಾಸು ಅಧಿಕಾರಿ ಎಂದು ಅಚ್ಚಾಗಿದೆ.

ನಮ್ಮ ತಾಲೂಕಿನ ಯಾವ ಡಿಗ್ರಿ ಕಾಲೇಜಿನಲ್ಲಿ ಮುಖ್ಯ ಹಣಕಾಸು ಅಧಿಕಾರಿ ಇದ್ದಾರೆ? ಇರುವುದು ಎಸ್‌ಡಿಎ, ಅಂದರೆ ದ್ವಿತೀಯ ದರ್ಜೆ ಸಹಾಯಕರು, ಒಬ್ಬರು. ಸ್ಕಾಲರ್‌ಶಿಪ್, ಪರೀಕ್ಷಾ ಶುಲ್ಕ, ಟಿಸಿ, ಸಂಬಳದ ಬಿಲ್ಲು, ಬಸ್‌ಪಾಸಿನ ಸೀಲು ಎಲ್ಲ ಅವರದೇ. ಪಿಎಫ್‌ಎಂಎಸ್ ಎಂಬ ಕೇಂದ್ರದ ಹಣ ಪಾವತಿ ವ್ಯವಸ್ಥೆಯಲ್ಲಿ ಬಿಲ್ಲು ತುಂಬುವವರು ಒಬ್ಬರು, ಪರಿಶೀಲಿಸಿ ಒಪ್ಪಿಗೆ ಕೊಡುವವರು ಇನ್ನೊಬ್ಬರು ಇರಬೇಕು. ಅಕ್ರಮವಾಗಬಾರದು ಎಂದೇ ಈ ಎರಡು ಕೈ. ಕಾಲೇಜಿನಲ್ಲಿ ಎರಡೂ ಪಾಸ್‌ವರ್ಡು ಒಂದೇ ಡೈರಿಯ ಹಿಂಬದಿಯ ಪುಟದಲ್ಲಿ, ಒಂದೇ ಕೈಬರಹದಲ್ಲಿ ಇರುತ್ತವೆ. ಯಾರೂ ಕಳ್ಳರಲ್ಲ. ಎರಡನೆಯ ಮನುಷ್ಯನೇ ಇಲ್ಲ, ಅಷ್ಟೆ. 2022ರಿಂದೀಚೆಗೆ ಶೂನ್ಯ ಶಿಲ್ಕಿನ ಖಾತೆಗಳ ಪದ್ಧತಿ ಬಂದು ಕೆಲಸ ಇನ್ನಷ್ಟು ಬಿಗಿಯಾಗಿದೆ. ಹಣ ಕಾಲೇಜಿನ ಖಾತೆಗೆ ಬಂದು ಕೂರುವುದಿಲ್ಲ, ಮೇಲಿನ ಖಾತೆಯಲ್ಲಿ ಇಷ್ಟರ ತನಕ ಎಂದು ಮಿತಿ ಕೊಟ್ಟಿರುತ್ತಾರೆ; ಬಿಲ್ಲು ಬಂದಾಗ ಎಳೆದುಕೊಳ್ಳಬೇಕು, ಮಾರ್ಚ್ ಮುಗಿದರೆ ಮಿತಿಯೂ ಮುಗಿಯಿತು. ಸರ್ಕಾರದ ಕಡೆಯಿಂದ ನೋಡಿದರೆ ಇದು ಸರಿಯೇ, ಬೊಕ್ಕಸದ ಹಣ ಊರೂರ ಬ್ಯಾಂಕಿನಲ್ಲಿ ಮಲಗುವುದು ತಪ್ಪುತ್ತದೆ. ಸೆಮಿಸ್ಟರ್ ಪರೀಕ್ಷೆಯ ನಡುವೆ ಸಿಕ್ಕ ಎಸ್‌ಡಿಎ ಕಡೆಯಿಂದ ನೋಡಿದರೆ ಮಾತು ಬೇರೆ.

ಯುಜಿಸಿಯ ಕಿರು ಸಂಶೋಧನಾ ಯೋಜನೆ ನಮ್ಮ ಕಾಲೇಜುಗಳಿಗೆ ತಲುಪಿದ್ದ ಒಂದೇ ಒಂದು ನಿಜವಾದ ಅನುದಾನ ಎಂದರೆ ತಪ್ಪಾಗಲಾರದು. 12ನೇ ಪಂಚವಾರ್ಷಿಕ ಯೋಜನೆಯಲ್ಲಿ, ಅಂದರೆ 2012ರಿಂದ 2017ರವರೆಗೆ, ವಿಜ್ಞಾನಕ್ಕೆ 5 ಲಕ್ಷ, ಮಾನವಿಕ ಮತ್ತು ಸಮಾಜವಿಜ್ಞಾನಕ್ಕೆ 3 ಲಕ್ಷ ರೂಪಾಯಿಯ ಮಿತಿಯಿತ್ತು. ಬೆಂಗಳೂರಿನಲ್ಲಿದ್ದ ಪ್ರಾದೇಶಿಕ ಕಚೇರಿಯೇ ನಮ್ಮ ಅರ್ಜಿಗಳನ್ನು ನೋಡುತ್ತಿತ್ತು. ನಾನು ಬಲ್ಲ ಒಂದು ಕಾಲೇಜಿನ ಕತೆ ಹೇಳುತ್ತೇನೆ, ಹೆಸರು ಬೇಡ. ಮೇಷ್ಟ್ರು ಮೊದಲ ಕಂತಿನಲ್ಲಿ ಹಳ್ಳಿ ಹಳ್ಳಿ ಸುತ್ತಿ ಒಳ್ಳೆಯ ಕೆಲಸವನ್ನೇ ಮಾಡಿದರು. ಒಂದು ಕ್ಯಾಮೆರಾ, ಪುಸ್ತಕಗಳು, ಒಂದು ಕಬ್ಬಿಣದ ಬೀರು ಕೊಂಡರು. ಪುಸ್ತಕ ಗ್ರಂಥಾಲಯದ ದಾಖಲೆಗೆ ಹತ್ತಲಿಲ್ಲ. ಬೀರುವಿಗೆ ಡೆಡ್ ಸ್ಟಾಕ್ ರಿಜಿಸ್ಟರಿನ ನಂಬರು ಬೀಳಲಿಲ್ಲ, ಅದು ಪರೀಕ್ಷಾ ಕೊಠಡಿಗೆ ಹೋಗಿ ಉತ್ತರಪತ್ರಿಕೆ ತುಂಬಿಕೊಂಡಿತು. ಪ್ರಾಂಶುಪಾಲರು ನಿವೃತ್ತರಾದರು. ಯುಸಿ ಹೋಗಲಿಲ್ಲ, ಎರಡನೆಯ ಕಂತು ಬರಲಿಲ್ಲ. ಕೆಲವು ವರ್ಷದ ಮೇಲೆ ಬೇರೆ ವಿಭಾಗದ ಹುಡುಗಿಯೊಬ್ಬಳು, ಹೊಸದಾಗಿ ಸೇರಿದ ಉಪನ್ಯಾಸಕಿ, ತನ್ನ ಪ್ರಸ್ತಾವ ಕಳಿಸಿದಾಗ ಹಳೆಯ ಯುಸಿ ಬಾಕಿ ಇದೆ ಎಂಬ ಉತ್ತರ ಬಂತು. ಅವಳು ಕಂಡೇ ಇರದ ಬೀರು ಅವಳ ಯೋಜನೆಯನ್ನು ನುಂಗಿತು.

ಸರ್ಕಾರಿ ಕಾಲೇಜುಗಳ ತೊಡಕು ಇನ್ನೊಂದು ಬಗೆಯದು. ಹಗರಿಬೊಮ್ಮನಹಳ್ಳಿಯ ಜಿ.ವಿ.ಪಿ.ಪಿ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಾಗಲಿ, ಕೂಡ್ಲಿಗಿಯ ಸರ್ಕಾರಿ ಕಾಲೇಜಾಗಲಿ ಕಾನೂನಿನ ದೃಷ್ಟಿಯಲ್ಲಿ ಇಲಾಖೆಯ ಒಂದು ಕಚೇರಿ. ಸಂಬಳ ಖಜಾನೆ-2ರಲ್ಲಿ, ಖರೀದಿ ರಾಜ್ಯದ 1999ರ ಪಾರದರ್ಶಕತೆ ಕಾಯ್ದೆಯಂತೆ. ಕೇಂದ್ರದ ಅನುದಾನ ಬಂದರೆ ಅದು ಜೆಮ್ ಎಂಬ ಸರ್ಕಾರಿ ಖರೀದಿ ಪೋರ್ಟಲಿನಲ್ಲಿ ಕೊಳ್ಳಿ ಎನ್ನುತ್ತದೆ. ಎರಡು ನಿಯಮಗಳ ನಡುವೆ ಪ್ರಾಂಶುಪಾಲರು ಕೊಳ್ಳದೇ ಇರುವುದೇ ಕ್ಷೇಮ ಎಂದು ತೀರ್ಮಾನಿಸುತ್ತಾರೆ. ಅವರನ್ನು ಬೈಯಲಾರೆ, ನಿವೃತ್ತಿಗೆ ಎರಡು ವರ್ಷವಿದ್ದವರು ಪಿಂಚಣಿಯನ್ನು ಮೈಕ್ರೋಸ್ಕೋಪಿಗಾಗಿ ಪಣಕ್ಕಿಡಬೇಕೆಂದು ಯಾರು ಹೇಳಬಲ್ಲರು?

ಇದಕ್ಕಿಂತ ದೊಡ್ಡ ಅನ್ಯಾಯ ಒಂದಿದೆ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ 10,000ಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು ಪಾಠ ಮಾಡುತ್ತಿದ್ದಾರೆ. ನಮ್ಮ ಭಾಗದಲ್ಲಿ ಪಿಎಚ್‌ಡಿ ಮುಗಿಸಿದ ಎಷ್ಟೋ ಹುಡುಗರು ಇರುವುದು ಅಲ್ಲಿಯೇ. ಬಹುತೇಕ ಎಲ್ಲ ಯೋಜನೆಗಳೂ ಮುಖ್ಯ ಸಂಶೋಧಕ ಖಾಯಂ ನೌಕರಿಯಲ್ಲಿರಬೇಕು ಎನ್ನುತ್ತವೆ. ಯೋಜನೆ ಮೂರು ವರ್ಷದ್ದು, ಅತಿಥಿಯ ನೇಮಕ ವರ್ಷಕ್ಕೊಮ್ಮೆಯದು, ಆದ್ದರಿಂದ ಸರ್ಕಾರ ಹಾಗನ್ನುವುದಕ್ಕೆ ಕಾರಣವಿದೆ. ಪರಿಣಾಮ ಮಾತ್ರ ಇದು: ಓದಿಕೊಂಡವರಿಗೆ ಅರ್ಹತೆ ಇಲ್ಲ, ಅರ್ಹತೆ ಇದ್ದವರಿಗೆ ಬಿಡುವಿಲ್ಲ.

ಹಾಗೆಂದು ನಮ್ಮಲ್ಲಿ ಸಂಶೋಧನೆಯ ವಿಷಯಗಳಿಗೆ ಬರಗಾಲವಿಲ್ಲ. ಕೂಡ್ಲಿಗಿ ತಾಲೂಕಿನ ಕುಮತಿಯಲ್ಲಿ ಬೃಹತ್ ಶಿಲಾ ಸಂಸ್ಕೃತಿಯ ಕಾಲದ, ಮನುಷ್ಯಾಕಾರದಲ್ಲಿ ಕಡಿದು ನಿಲ್ಲಿಸಿದ ಕಲ್ಲುಗಳಿವೆ. ತಲೆಯ ಜಾಗ ದುಂಡಗೆ, ಹೆಗಲು ಅಗಲವಾಗಿ, ಕಾಲೇ ಇಲ್ಲದೆ ನೆಲದಲ್ಲಿ ಹೂತು ನಿಂತಿವೆ. ಗುಡೇಕೋಟೆಯಲ್ಲಿ ಕರಡಿಧಾಮವಿದೆ. ಹಡಗಲಿಯ ಮಲ್ಲಿಗೆಗೆ ಭೌಗೋಳಿಕ ಗುರುತು ಸಿಕ್ಕಿದೆ. ಮೈಲಾರದ ಕಾರಣಿಕ ಇದೆ, ಕುರುವತ್ತಿಯ ಶಿಲ್ಪ ಇದೆ, ಮಾಲವಿ ಜಲಾಶಯದ ನೀರಿನ ಲೆಕ್ಕ ಇದೆ. ಆದರೆ ಕುಮತಿಯಲ್ಲಿ ಗುದ್ದಲಿ ಹಾಕಬೇಕಾದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಪರವಾನಗಿ ಬೇಕು. ಗುಡೇಕೋಟೆಯ ಕರಡಿಯ ಜಾಡು ಹಿಡಿಯಲು 1972ರ ವನ್ಯಜೀವಿ ಕಾಯ್ದೆಯಂತೆ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಮಲ್ಲಿಗೆ ಬಿಡಿಸುವ ಹೆಂಗಸರ ಆರೋಗ್ಯ ಪರೀಕ್ಷಿಸುವುದಾದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಮಾರ್ಗಸೂಚಿಯಂತೆ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಇದಕ್ಕೆಲ್ಲ ಬರೆಯುವ, ಉತ್ತರ ಕೊಡುವ, ಮತ್ತೆ ನೆನಪಿಸುವ ಕಚೇರಿ ಇದ್ದವರು ಬೆಂಗಳೂರಿನಿಂದ, ಹೈದರಾಬಾದಿನಿಂದ ಬರುತ್ತಾರೆ. ನಮ್ಮ ಮೇಷ್ಟ್ರು ಅವರ ಜೀಪಿನಲ್ಲಿ ಮುಂದಿನ ಸೀಟಿಗೆ ಕೂತು ದಾರಿ ತೋರಿಸುತ್ತಾರೆ. ಆಮೇಲೆ ಪುಸ್ತಕದ ಕೃತಜ್ಞತೆಯ ಪುಟದಲ್ಲಿ ಒಂದು ಸಾಲು.

ಲೆಕ್ಕ ಇಡುವುದಕ್ಕೂ ಹಣ ಬೇಕು ಎಂಬುದನ್ನು ಹೊರದೇಶದವರು ನಮಗಿಂತ ಮೊದಲೇ ಒಪ್ಪಿದ್ದಾರೆ. ಅಮೆರಿಕದಲ್ಲಿ ಯೋಜನೆಯ ನೇರ ಖರ್ಚಿನ ಮೇಲೆ ಪರೋಕ್ಷ ವೆಚ್ಚ ಎಂದು ಕಚೇರಿ, ಕಟ್ಟಡ, ಲೆಕ್ಕಪರಿಶೋಧನೆಗೆ ಸರ್ಕಾರ ಬೇರೆ ಕೊಡುತ್ತದೆ. ಕೆಲವು ದೊಡ್ಡ ವಿಶ್ವವಿದ್ಯಾಲಯಗಳಿಗೆ ಅದು ನೂರಕ್ಕೆ 50ನ್ನು ಮೀರಿದ್ದುಂಟು. 2025ರ ಫೆಬ್ರವರಿಯಲ್ಲಿ ಅಲ್ಲಿನ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಅದನ್ನು 15ಕ್ಕೆ ಇಳಿಸುತ್ತೇನೆ ಎಂದಾಗ ವಿಶ್ವವಿದ್ಯಾಲಯಗಳು ನ್ಯಾಯಾಲಯಕ್ಕೆ ಹೋದವು, ನ್ಯಾಯಾಲಯ ತಡೆಯಿತು. ನಮ್ಮಲ್ಲೂ ಓವರ್‌ಹೆಡ್ ಎಂದು ಒಂದು ಪಾಲು ಬರುತ್ತದೆ. ಅದು ಸಂಸ್ಥೆಯ ಸಾಮಾನ್ಯ ಖಾತೆಗೆ ಬಿದ್ದು ಕಾಂಪೌಂಡಿನ ಸುಣ್ಣವಾಗುತ್ತದೆ. ಯಾರ ಕೆಲಸಕ್ಕೆಂದು ಬಂತೋ ಆ ಗುಮಾಸ್ತನಿಗೆ ಅದು ಬಂದದ್ದೇ ಗೊತ್ತಿರುವುದಿಲ್ಲ.

ಮುಂದಿನ ದಿನಗಳಲ್ಲಿ ದೊಡ್ಡ ಹಣದ ಬಾಗಿಲು ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ. 2023ರ ಕಾಯ್ದೆ; 2024ರ ಫೆಬ್ರವರಿ 5ರಿಂದ ಜಾರಿ; ಹಳೆಯ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ (ಎಸ್‌ಇಆರ್‌ಬಿ) ಅದರಲ್ಲಿ ಸೇರಿಹೋಯಿತು. ಐದು ವರ್ಷಕ್ಕೆ 50,000 ಕೋಟಿ ಎಂದು ಹೇಳಿದ್ದಾರೆ, ಅದರಲ್ಲಿ 36,000 ಕೋಟಿ ಸರ್ಕಾರದ ಹೊರಗಿನಿಂದ ಬರಬೇಕಾದದ್ದು, ನೋಡೋಣ. ಅದರ ‘ಪೇರ್’ ಯೋಜನೆಯಲ್ಲಿ ರ‍್ಯಾಂಕಿಂಗಿನಲ್ಲಿ ಮೇಲಿರುವ ಒಂದು ಸಂಸ್ಥೆ ಹಬ್, ಅದರ ಸುತ್ತ ಏಳರ ತನಕ ಸ್ಪೋಕ್ ಸಂಸ್ಥೆಗಳು. ಹಿಂದುಳಿದವರನ್ನು ಮುಂದಿದ್ದವರ ಜೊತೆ ಕಟ್ಟುವ ಯೋಚನೆ ಒಳ್ಳೆಯದೇ. ಆದರೆ ಸ್ಪೋಕ್ ಆಗುವುದೂ ಹೆಚ್ಚಾಗಿ ವಿಶ್ವವಿದ್ಯಾಲಯಗಳೇ. ತಾಲೂಕಿನ ಕಾಲೇಜಿಗೆ ಆ ಗಾಲಿಯಲ್ಲಿ ಜಾಗವಿಲ್ಲ. ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ. ಭಾರತೀಯ ಸಮಾಜವಿಜ್ಞಾನ ಸಂಶೋಧನಾ ಮಂಡಳಿ (ಐಸಿಎಸ್‌ಎಸ್‌ಆರ್) ಇದೆ, ರಾಜ್ಯದ ವಿಜ್ಞಾನ ತಂತ್ರಜ್ಞಾನ ವಿಷನ್ ಗ್ರೂಪ್ ಇದೆ. ಇವು ಕಾಲೇಜುಗಳ ಅರ್ಜಿಯನ್ನು ನೋಡುತ್ತವೆ.

ನನ್ನ ಸಲಹೆ ದೊಡ್ಡದೇನಲ್ಲ. ಐದು ತಾಲೂಕುಗಳ ಕಾಲೇಜುಗಳು, ಸರ್ಕಾರಿ, ಅನುದಾನಿತ, ಖಾಸಗಿ ಯಾವುದೇ ಇರಲಿ, ಕೂಡಿಕೊಂಡು ಒಂದು ಸಂಶೋಧನಾ ಕಚೇರಿ ಮಾಡಬೇಕು. ಎಲ್ಲರಿಗೂ ಬಸ್ ಸಿಗುವ ಹಗರಿಬೊಮ್ಮನಹಳ್ಳಿಯಲ್ಲಿ ಒಂದು ಕೊಠಡಿ ಸಾಕು. ಖಜಾನೆಯಿಂದಲೋ ಮಹಾಲೇಖಪಾಲರ ಕಚೇರಿಯಿಂದಲೋ ನಿವೃತ್ತರಾದ ಒಬ್ಬ ಲೆಕ್ಕಾಧಿಕಾರಿ, ಖರೀದಿಗೆ ಒಬ್ಬ, ಪೋರ್ಟಲಿಗೆ ಒಬ್ಬ. ನೈತಿಕ ಸಮಿತಿಯನ್ನು ಒಪ್ಪಂದ ಮಾಡಿಕೊಂಡು ಹಂಚಿಕೊಳ್ಳಲು ಐಸಿಎಂಆರ್ ಅವಕಾಶ ಕೊಡುತ್ತದೆ. ಹಣ ಆಯಾ ಕಾಲೇಜಿನ ಹೆಸರಿಗೇ ಬರಲಿ, ಹೊಣೆಯೂ ಅವರದೇ ಇರಲಿ. ಕೆಲಸ ಮಾತ್ರ ಒಂದೆಡೆ ನಡೆಯಲಿ. ಪ್ರತಿ ಕಾಲೇಜು ತನ್ನ ಆಡಳಿತ ಮಂಡಳಿಯ ಠರಾವಿನ ಮೂಲಕ ಈ ಲೆಕ್ಕಾಧಿಕಾರಿಯನ್ನು ತನ್ನ ಹಣಕಾಸು ಅಧಿಕಾರಿ ಎಂದು ನೇಮಿಸಿಕೊಳ್ಳಬಹುದು. ಸರ್ಕಾರಿ ಕಾಲೇಜುಗಳಿಗೆ ಇಲಾಖೆಯ ಆದೇಶ ಬೇಕಾದೀತು, ಅದಕ್ಕಾಗಿ ಶಾಸಕರ ಮನೆ ಬಾಗಿಲು ತಟ್ಟಬೇಕು. ನಾವು ಕಲ್ಯಾಣ ಕರ್ನಾಟಕದವರು, ಸಂವಿಧಾನದ 371(ಜೆ) ನಮಗಿದೆ, ಅದರ ಮಂಡಳಿ ಕಟ್ಟಡಕ್ಕೆ ಹಣ ಕೊಡುತ್ತಲೇ ಬಂದಿದೆ. ಕಟ್ಟಡಕ್ಕೆ ಕೊಟ್ಟವರನ್ನು ಮೂರು ವರ್ಷ ಮೂವರ ಸಂಬಳಕ್ಕೆ ಕೇಳುವುದರಲ್ಲಿ ನಾಚಿಕೆ ಏಕೆ? ಆಮೇಲೆ ಓವರ್‌ಹೆಡ್ಡಿನಲ್ಲೇ ಕಚೇರಿ ನಡೆಯಬೇಕು.

ಕಚೇರಿ ಆಗುವ ತನಕ ಕಾಯಬೇಕಿಲ್ಲದ ಕೆಲಸವೂ ಇದೆ. ಇಲ್ಲಿರುವ ಪ್ರಾಂಶುಪಾಲರು ನಾಳೆ ಬೀಗ ತೆಗೆಸಿ 2(ಎಫ್), 12(ಬಿ) ಪತ್ರವನ್ನು ಹುಡುಕಿಸಲಿ, ಪ್ಯಾನ್ ಕಾರ್ಡಿನ ಪಕ್ಕದಲ್ಲಿಟ್ಟು ಹೆಸರಿನ ಅಕ್ಷರ ಅಕ್ಷರ ತಾಳೆ ನೋಡಲಿ. ಹಳೆಯ ಯೋಜನೆಗಳ ಫೈಲುಗಳಲ್ಲಿ ಯಾವುದಕ್ಕೆ ಯುಸಿ ಹೋಗಿಲ್ಲ ಎಂದು ಪಟ್ಟಿ ಮಾಡಿಸಿ, ಉಳಿದ ಹಣವನ್ನೂ ಬಡ್ಡಿಯನ್ನೂ ಮಾರ್ಚ್ 31ರೊಳಗೆ ಕಟ್ಟಿಬಿಡಲಿ. ಪರೀಕ್ಷಾ ಕೊಠಡಿಯ ಬೀರುಗಳಿಗೆ ನಂಬರು ಹಾಕಿಸಲಿ. ಈ ಪಟ್ಟಿಯನ್ನು ಐದೂ ತಾಲೂಕಿನವರು ತಂದರೆ ಮುಂದಿನ ಸಭೆಯ ಚಹಾದ ಖರ್ಚು ನನ್ನದು, ದತ್ತಿಯ ಬಡ್ಡಿಗೆ ಕೈ ಹಾಕುವುದು ಬೇಡ.